ಸೆಮಿಸ್ಟರಿನ ಮೊದಲ ದಿನ ಕೊಡುವ ಒಂದು ಹಾಳೆ

ನಾನು ಗದಗ ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಹಲವು ವರ್ಷ, ಸೆಮಿಸ್ಟರ್ ಆರಂಭವಾದ ದಿನ ಪಠ್ಯಕ್ರಮವನ್ನು ಓದಿ ಹೇಳಿ, ಪುಸ್ತಕಗಳ ಹೆಸರು ಬರೆಸಿ, ನೇರವಾಗಿ ಮೊದಲ ಅಧ್ಯಾಯಕ್ಕೆ ಕೈಹಾಕುತ್ತಿದ್ದೆ. ಹಾಜರಾತಿ ಶೇಕಡಾ 75 ಇರಬೇಕೆಂಬುದು ಪ್ರವೇಶದ ವೇಳೆ ಕೊಡುವ ಕೈಪಿಡಿಯಲ್ಲಿರುತ್ತದೆ, ಆಂತರಿಕ ಅಂಕಗಳ ಹಂಚಿಕೆ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿರುತ್ತದೆ, ನಕಲು ಮಾಡಬಾರದೆಂಬುದು ಯಾರಿಗೆ ತಾನೇ ಗೊತ್ತಿಲ್ಲ, ಹೀಗಿರುವಾಗ ನಾನು ಬೇರೆಯಾಗಿ ಹೇಳುವುದಕ್ಕೇನಿದೆ ಎಂದು ನಂಬಿದ್ದೆ. ಆ ನಂಬಿಕೆಯ ಬೆಲೆಯನ್ನು ನಾನಲ್ಲ, ನನ್ನ ವಿದ್ಯಾರ್ಥಿಗಳು ತೆತ್ತರು.

ಆಗ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಡೆಯುತ್ತಿತ್ತು. ನೂರು ಅಂಕಗಳ ಪತ್ರಿಕೆಯಲ್ಲಿ 60 ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ, ಉಳಿದ 40 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿದ್ದವು. ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರ್ ಎಂದು ಆ 40 ಅಂಕಗಳನ್ನು ಹಂಚಿ, ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಿಗೆಂದೇ ಇರುವ ಯುಯುಸಿಎಂಎಸ್ ಜಾಲತಾಣದಲ್ಲಿ ನಾವೇ ತುಂಬಬೇಕಾಗಿತ್ತು. ಕರ್ನಾಟಕದ ಅರ್ಥವ್ಯವಸ್ಥೆಯ ಪತ್ರಿಕೆಗೆ ನಾನು ಕೊಟ್ಟ ಅಸೈನ್‌ಮೆಂಟಿನ ವಿಷಯ ಸಹಕಾರ ಚಳವಳಿ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಗಿದೆ. ಅದಕ್ಕೆ ಹಿಂದಿನ ವರ್ಷ, ಅಂದರೆ 1904ರಲ್ಲಷ್ಟೇ, ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದಿತ್ತು. ಮನೆಯ ಬಾಗಿಲಿನ ಇತಿಹಾಸವನ್ನು ಮಕ್ಕಳು ಪ್ರೀತಿಯಿಂದ ಬರೆಯುತ್ತಾರೆಂದು ನಾನು ಎಣಿಸಿದ್ದೆ.

ನಲವತ್ತೆರಡು ಅಸೈನ್‌ಮೆಂಟುಗಳು ಬಂದವು. ಒಂದು ಭಾನುವಾರ ಮಧ್ಯಾಹ್ನ ಕೆಂಪು ಪೆನ್ನು ಹಿಡಿದು ಕುಳಿತಾಗ, ಆರನೆಯದರಲ್ಲೋ ಏಳನೆಯದರಲ್ಲೋ ಕಣಗಿನಹಾಳದ ಸಂಘ 1950ರಲ್ಲಿ ಸ್ಥಾಪನೆಯಾಯಿತು ಎಂದಿರುವುದನ್ನು ಕಂಡು, ಬರೆಯುವ ಅವಸರದಲ್ಲಿ ಅಂಕಿಗಳು ಅದಲುಬದಲಾಗಿವೆ ಎಂದುಕೊಂಡು ತಿದ್ದಿದೆ. ಮುಂದಿನದರಲ್ಲೂ 1950. ಅದರ ಮುಂದಿನದರಲ್ಲಿ ಇಲ್ಲ, ಆಮೇಲೆ ಮತ್ತೆ 1950. ಎಲ್ಲವನ್ನೂ ಬೇರ್ಪಡಿಸಿ ಎಣಿಸಿದಾಗ ಹದಿನೇಳರಲ್ಲಿ ಅದೇ ತಪ್ಪು ವರ್ಷ, ಅದೇ ವಾಕ್ಯ, ‘ಸಂಘ’ ಎಂಬುದರ ಮಹಾಪ್ರಾಣ ಬಿಟ್ಟುಹೋಗಿ ‘ಸಂಗ’ ಆಗಿರುವ ಅದೇ ಶೀರ್ಷಿಕೆ. ಬೇರೆ ಬೇರೆ ಕೈಬರಹ, ಕೆಲವಂತೂ ಮುತ್ತು ಪೋಣಿಸಿದ ಹಾಗೆ ಅಂದ, ಅಂಚಿಗೆ ಸ್ಕೆಚ್ ಪೆನ್ನಿನ ಗೆರೆ ಬೇರೆ. ಯಾರೋ ಒಬ್ಬರು ಬರೆದದ್ದು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿತ್ತು.

ಮರುದಿನ ತರಗತಿಯಲ್ಲಿ ಸಿಟ್ಟಿನಿಂದಲೇ ಮಾತಾಡಿದೆ. ಹದಿನೇಳು ಜನರೂ ತಲೆತಗ್ಗಿಸುತ್ತಾರೆಂದು ನಿರೀಕ್ಷಿಸಿದ್ದ ನನಗೆ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ನೋಡಿ ಬರದೀವಿ ಖರೆ ಐತ್ರಿ ಸರ್, ಆದ್ರ ಪೂರಾ ನಾವ ಬರದೀವ್ರಿ. ಜೆರಾಕ್ಸ್ ಮಾಡಿಸಿ ಹಚ್ಚಿಲ್ರಿ.” ಅವನ ದನಿಯಲ್ಲಿ ಮೊಂಡುತನವಿರಲಿಲ್ಲ, ನೋವಿತ್ತು. ಹನ್ನೆರಡು ಪುಟಗಳನ್ನು ರಾತ್ರಿ ಕುಳಿತು ಕೈನೋಯುವಂತೆ ಬರೆದವನಿಗೆ, ತಾನು ಕೆಲಸವನ್ನೇ ಮಾಡಿಲ್ಲವೆಂದು ಮೇಷ್ಟ್ರು ಹೇಳುತ್ತಿರುವುದೇಕೆ ಎಂದು ನಿಜವಾಗಿಯೂ ಅರ್ಥವಾಗಿರಲಿಲ್ಲ.

ಆ ಮಾತನ್ನು ಹಲವು ದಿನ ಯೋಚಿಸಿದೆ. ಪ್ರಾಥಮಿಕ ಶಾಲೆಯಿಂದ ಪಿಯುಸಿಯವರೆಗೆ ಹನ್ನೆರಡು ವರ್ಷ ನಾವು ಈ ಮಕ್ಕಳಿಗೆ ನೋಟ್ಸ್ ಬರೆಸುತ್ತೇವೆ, ಹಲಗೆಯ ಮೇಲಿನದನ್ನು ಒಂದಕ್ಷರ ತಪ್ಪದಂತೆ ಇಳಿಸಿಕೊಂಡವರಿಗೆ ‘ಉತ್ತಮ’ ಎಂದು ಸಹಿ ಹಾಕುತ್ತೇವೆ, ಗೈಡಿನ ಉತ್ತರವನ್ನು ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸಿದವರಿಗೆ ಪೂರ್ಣ ಅಂಕ ಕೊಡುತ್ತೇವೆ. ನಾನೇ ಪರೀಕ್ಷೆಯ ಮುಂಚಿನ ವಾರ ಉತ್ತರಗಳನ್ನು ಬರೆಸಿದ್ದುಂಟು. ಇನ್ನೊಬ್ಬರ ವಾಕ್ಯವನ್ನು ಅಂದವಾಗಿ ನಕಲಿಸುವುದೇ ಓದು ಎಂದು ಅಷ್ಟು ವರ್ಷ ಕಲಿಸಿದ ವ್ಯವಸ್ಥೆಯೇ ಒಂದು ಬೆಳಿಗ್ಗೆ ಅದನ್ನು ಅಪರಾಧವೆಂದು ಕರೆದರೆ, ನಡುವೆ ಯಾರಾದರೂ ಒಮ್ಮೆ ಆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿತ್ತಲ್ಲವೇ? ಆ ಕೆಲಸ ನನ್ನದಾಗಿತ್ತು. ನಾನು ಅದನ್ನು ಮಾಡಿರಲಿಲ್ಲ.

ಕೊನೆಗೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅಂಕ ತುಂಬುವ ಕೊನೆಯ ದಿನ ಹತ್ತಿರವಾಗಿತ್ತು. ಒಮ್ಮೆ ಅಂತಿಮಗೊಳಿಸಿದ ಅಂಕಗಳನ್ನು ನಮ್ಮ ಮಟ್ಟದಲ್ಲಿ ತಿದ್ದಲು ಬರುವುದಿಲ್ಲವಾದ್ದರಿಂದ, ಗಲಾಟೆ ಬೇಡವೆಂದು ಎಲ್ಲರಿಗೂ ಹತ್ತಕ್ಕೆ ಎಂಟು ಹಾಕಿಬಿಟ್ಟೆ. ತನ್ನೂರಿನ ಸೊಸೈಟಿಗೆ ಹೋಗಿ, ಗೊಬ್ಬರದ ಚೀಲಗಳ ನಡುವೆ ಕುಳಿತ ಕಾರ್ಯದರ್ಶಿಯನ್ನು ಮಾತಾಡಿಸಿ, ಯಾರಿಗೆ ಎಷ್ಟು ಬೆಳೆಸಾಲ ಸಿಗುತ್ತದೆಂದು ವಿಚಾರಿಸಿ ಬರೆದಿದ್ದ ಹುಡುಗಿಗೂ ಎಂಟು, 1950 ಎಂದು ಬರೆದವರಿಗೂ ಎಂಟು. ಆಕೆ ಬಂದು ಏನೂ ಕೇಳಲಿಲ್ಲ. ಆದರೆ ಮುಂದಿನ ಅಸೈನ್‌ಮೆಂಟನ್ನು ಆಕೆಯೂ ಯಾರದ್ದನ್ನೋ ನೋಡಿ ಬರೆದಿದ್ದಳು. ಉದಾರವಾಗಿ ಅಂಕ ಕೊಟ್ಟರೆ ಯಾರಿಗೂ ನಷ್ಟವಿಲ್ಲವೆಂದು ವಾದಿಸುವ ಸಹೋದ್ಯೋಗಿಗಳಿಗೆ ನಾನು ಈಗಲೂ ಈ ಪ್ರಸಂಗವನ್ನು ಹೇಳುತ್ತೇನೆ.

ಅದೇ ಸೆಮಿಸ್ಟರಿನ ಕೊನೆಯಲ್ಲಿ ಹಾಜರಾತಿ ಕೊರತೆಯವರ ಪಟ್ಟಿ ಸೂಚನಾ ಫಲಕಕ್ಕೆ ಬಿತ್ತು. ನನ್ನ ಪತ್ರಿಕೆಯಲ್ಲಿ ನಡೆದ ತರಗತಿಗಳು 52, ಶೇಕಡಾ 75ಕ್ಕೆ ಬೇಕಾದದ್ದು 39. ಒಬ್ಬ ವಿದ್ಯಾರ್ಥಿನಿಯದು 36 ಇತ್ತು. ಆಕೆಯ ತಂದೆ ಹತ್ತಿ ಬಿಡಿಸುವ ಕೆಲಸ ಬಿಟ್ಟು ಕಾಲೇಜಿಗೆ ಬಂದು, ವಿಭಾಗದ ಬಾಗಿಲಲ್ಲಿ ಚಪ್ಪಲಿ ಕಳಚಿ ನಿಂತು ಕೇಳಿದರು: “ನಮ್ಮೂರಿಗೆ ಮುಂಜಾನೆ ಇರೂದ ಒಂದ ಬಸ್ರೀ ಸರ್. ಬಸ್ ತಡಾ ಮಾಡಿದ್ರ ಹುಡುಗಿ ಏನ್ ಮಾಡ್ಬೇಕ್ರಿ?” ಹಾಜರಿ ಪುಸ್ತಕ ತೆಗೆದು ನೋಡಿದೆ. ಒಂಬತ್ತು ದಿನ ಆಕೆ ಹಾಜರಿ ಕೂಗಿದ ಮೇಲೆ ಬಂದು, ಉಳಿದ ಹೊತ್ತೆಲ್ಲ ತರಗತಿಯಲ್ಲೇ ಕುಳಿತು ಬರೆದುಕೊಂಡಿದ್ದಳು. ನಾನು ಗೈರುಹಾಜರಿ ಹಾಕಿದ್ದೆ. ಬೇರೆ ಕೆಲವರು ತಡವಾಗಿ ಬಂದು ತರಗತಿ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ಕೇಳಿಕೊಂಡಾಗ ತಿದ್ದಿ ಹಾಜರಿ ಹಾಕಿದ್ದೂ ಅದೇ ಪುಸ್ತಕದಲ್ಲಿ ಕಾಣುತ್ತಿತ್ತು. ಕೇಳುವ ಧೈರ್ಯವಿದ್ದವರಿಗೆ ಒಂದು ನಿಯಮ, ಸುಮ್ಮನೆ ಬಂದು ಕುಳಿತವರಿಗೆ ಇನ್ನೊಂದು. ಬೇಕೆಂದು ಮಾಡಿದ್ದಲ್ಲ, ಆದರೆ ಮಾಡಿದ್ದಂತೂ ಹೌದು. ಪ್ರಾಚಾರ್ಯರಿಗೆ ನನ್ನ ತಪ್ಪನ್ನು ಬರವಣಿಗೆಯಲ್ಲೇ ಒಪ್ಪಿಕೊಂಡು, ಆ ಒಂಬತ್ತು ದಿನಗಳನ್ನು ಸೇರಿಸಿ 45 ಎಂದು ಸರಿಪಡಿಸಿದ ಪಟ್ಟಿ ಕೊಟ್ಟೆ. ಆಕೆ ಪರೀಕ್ಷೆ ಬರೆದಳು.

ರಜೆಯಲ್ಲಿ ನಿಯಮಗಳನ್ನು ಹುಡುಕಿ ಓದಲು ಕುಳಿತೆ. ಕೃತಿಚೌರ್ಯ ತಡೆಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ನಿಯಮಾವಳಿ ನನಗೆ ಆಧಾರವಾಗುತ್ತದೆಂದು ಭಾವಿಸಿದ್ದೆ. ಅದರಲ್ಲಿ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ, 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನು ಮೀರಿದರೆ ನೋಂದಣಿಯೇ ರದ್ದು ಎಂಬ ಹಂತಗಳಿವೆ. ಆದರೆ ಇದೆಲ್ಲ ಸ್ನಾತಕೋತ್ತರ ಮತ್ತು ಸಂಶೋಧನಾ ಹಂತದ ಪ್ರಬಂಧಗಳಿಗೆ; ಅಸೈನ್‌ಮೆಂಟ್, ಯೋಜನಾ ವರದಿ, ಉತ್ತರ ಪತ್ರಿಕೆಗಳನ್ನು ಆ ನಿಯಮಾವಳಿಯ ವ್ಯಾಖ್ಯೆಯೇ ಹೊರಗಿಡುತ್ತದೆ. ಅಂದರೆ ನನ್ನ ತರಗತಿಯ ಹದಿನೇಳು ಅಸೈನ್‌ಮೆಂಟುಗಳಿಗೆ ಅನ್ವಯವಾಗುವ ಬರೆದಿಟ್ಟ ನಿಯಮ ಅಲ್ಲಿರಲಿಲ್ಲ. ನಾನು ಬರೆದಿದ್ದರೆ ಮಾತ್ರ ಇರುತ್ತಿತ್ತು.

ಹಾಗಾಗಿ ಮುಂದಿನ ಸೆಮಿಸ್ಟರಿನಿಂದ ಒಂದು ಹಾಳೆ ತಯಾರಿಸಿದೆ. ಒಂದೇ ಹಾಳೆ, ಎರಡೂ ಬದಿ, ಸರಳ ಕನ್ನಡ. ವಿಶ್ವವಿದ್ಯಾಲಯದ ನಿಯಮವನ್ನು ಬದಲಿಸುವ ಅಧಿಕಾರ ನನಗಿಲ್ಲ. ಶೇಕಡಾ 75 ಎಂಬುದು ಹಾಗೆಯೇ ಇದೆ. ಆದರೆ ತರಗತಿ ಆರಂಭವಾದ ಎಷ್ಟು ನಿಮಿಷದೊಳಗೆ ಬಂದರೆ ಹಾಜರಿ, ಬಸ್ಸಿನ ತೊಂದರೆ ಇರುವವರು ಮೊದಲ ವಾರದಲ್ಲೇ ಯಾವ ಬಸ್ಸು ಎಂದು ಬರೆದುಕೊಡಬೇಕು, ತಿಂಗಳಿಗೊಮ್ಮೆ ಪ್ರತಿಯೊಬ್ಬರ ಲೆಕ್ಕ ತರಗತಿಯಲ್ಲಿ ಹೇಳಲಾಗುವುದು ಎಂಬ ಮಾತುಗಳು ಅದರಲ್ಲಿವೆ. ಈ ತಿಂಗಳ ಲೆಕ್ಕದಿಂದಾದ ಉಪಕಾರ ದೊಡ್ಡದು. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಮನೆಯವರೊಡನೆ ಹೊಲಕ್ಕೆ ಹೋಗಲೇಬೇಕಾದ ಹುಡುಗರು, ತಮಗೆ ಇನ್ನೆಷ್ಟು ದಿನ ಉಳಿದಿವೆಯೆಂದು ಮುಂಚಿತವಾಗಿ ತಿಳಿದು ಅದರಂತೆ ನಡೆದುಕೊಳ್ಳುತ್ತಾರೆ.

ಅಂಕದ ಭಾಗದಲ್ಲಿ ಅಸೈನ್‌ಮೆಂಟಿನ ಹತ್ತು ಅಂಕ ಹೇಗೆ ಬರುತ್ತದೆಂದು ಬಿಡಿಸಿ ಬರೆದಿದ್ದೇನೆ: ಸ್ವಂತ ಮಾತಿಗೆ ನಾಲ್ಕು, ಮಾಹಿತಿಯ ನಿಖರತೆಗೆ ಮೂರು, ಎಲ್ಲಿಂದ ಯಾವ ದಿನ ತಿಳಿದುಕೊಂಡೆ ಎಂಬ ಉಲ್ಲೇಖಕ್ಕೆ ಒಂದು, ಬರೆದದ್ದನ್ನು ಕುರಿತು ನಾನು ಕೇಳುವ ಪ್ರಶ್ನೆಗೆ ಬಾಯಲ್ಲಿ ಉತ್ತರಿಸುವುದಕ್ಕೆ ಎರಡು. 2024-25ರಿಂದ ರಾಜ್ಯದಲ್ಲಿ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಎಂದಾದ ಮೇಲೆ ಆಂತರಿಕ ಅಂಕಗಳ ಒಟ್ಟು ಗಾತ್ರ ಬದಲಾಯಿತು, ಹತ್ತಕ್ಕೆ ಲೆಕ್ಕ ಹಾಕುವ ಈ ಅನುಪಾತವನ್ನು ಮಾತ್ರ ಬಿಟ್ಟಿಲ್ಲ. ಬಾಯಲ್ಲಿ ಕೇಳುವ ಎರಡು ನಿಮಿಷ ಈಗ ಇನ್ನೂ ಮುಖ್ಯವಾಗಿದೆ, ಏಕೆಂದರೆ ಚಾಟ್‌ಜಿಪಿಟಿ ಬರೆದುಕೊಟ್ಟ ಕನ್ನಡದಲ್ಲಿ ಒಂದೇ 1950 ಹುಡುಕಿ ಹಿಡಿಯಲು ಆಗುವುದಿಲ್ಲ.

ನಕಲಿನ ಭಾಗವೇ ಹೆಚ್ಚು ಉದ್ದ. ಅಲ್ಲಿ ಒಂದು ಪ್ಯಾರಾವನ್ನು ಮೂರು ಬಗೆಯಲ್ಲಿ ಅಚ್ಚು ಹಾಕಿಸಿದ್ದೇನೆ: ಪುಸ್ತಕದಲ್ಲಿದ್ದಂತೆ, ನಾಲ್ಕು ಪದ ಬದಲಿಸಿ ಇಳಿಸಿಕೊಂಡಂತೆ, ಓದಿ ಮುಚ್ಚಿಟ್ಟು ಸ್ವಂತವಾಗಿ ಬರೆದಂತೆ. ಎರಡನೆಯದೂ ನಕಲೇ ಎಂದಾಗ ತರಗತಿಯಲ್ಲಿ ಪ್ರತಿ ವರ್ಷ ಗುಸುಗುಸು ಏಳುತ್ತದೆ, ಆ ಚರ್ಚೆಗೆ ಒಂದು ಪೂರ್ತಿ ತರಗತಿಯನ್ನೇ ಕೊಡುತ್ತೇನೆ. ಕೂಡಿ ಓದಬಹುದು, ಕೂಡಿ ಚರ್ಚಿಸಬಹುದು, ಬರೆಯುವಾಗ ಒಬ್ಬೊಬ್ಬರೇ ಕೂರಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವಾರದಲ್ಲಿ ಹೊಸದಾಗಿ ಬರೆದುಕೊಡಬಹುದು, ಎರಡನೆಯ ಸಲ ಆ ಅಸೈನ್‌ಮೆಂಟಿಗೆ ಸೊನ್ನೆ. ಕೊಟ್ಟವರಿಗೂ ನೋಡಿ ಬರೆದವರಿಗೂ ಇದು ಒಂದೇ.

ಅಸೈನ್‌ಮೆಂಟಿನ ಪ್ರಶ್ನೆಯನ್ನೂ ಬದಲಿಸಿದೆ. ಸಹಕಾರ ಚಳವಳಿಯ ಬದಲು ‘ನಿಮ್ಮ ಊರಿನ ಸೊಸೈಟಿ’ ಎಂದು ಕೊಟ್ಟರೆ, ನೋಡಿ ಬರೆಯಲು ಪಕ್ಕದವರ ಹತ್ತಿರ ಇರುವುದು ಬೇರೆ ಊರಿನ ಸೊಸೈಟಿ. ಕಳೆದ ಸಲ ಒಬ್ಬ ವಿದ್ಯಾರ್ಥಿ, ಮೂರು ಸಲ ಹೋದಾಗಲೂ ಸಂಘಕ್ಕೆ ಬೀಗ ಹಾಕಿತ್ತೆಂದೂ, ನಾಲ್ಕನೆಯ ಸಲ ಕಾರ್ಯದರ್ಶಿಯನ್ನು ಅವರ ಹೊಲದಲ್ಲೇ ಹಿಡಿದು ಮಾತಾಡಿಸಿದೆನೆಂದೂ ಬರೆದಿದ್ದ. ಆ ಬೀಗದ ಬಗ್ಗೆ ಅವನು ಬರೆದ ಅರ್ಧ ಪುಟ ಗ್ರಾಮೀಣ ಸಾಲದ ಮೇಲೆ ನಾನು ಮಾಡುವ ಪಾಠಕ್ಕಿಂತ ಚೆನ್ನಾಗಿತ್ತು. ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದಂಕ ಏಕೆ ಹೋಯಿತೆಂದು ಕೇಳಲು ಬಂದಾಗ ಹಾಳೆ ತೆಗೆದು, ಯಾವ ದಿನ ಮಾತಾಡಿಸಿದೆ ಎಂದು ನಮೂದಿಸಬೇಕೆಂಬ ಸಾಲು ತೋರಿಸಿದೆ. ಎರಡು ಸಲ ಓದಿಕೊಂಡು, “ಹೌದ್ರಿ ಸರ್, ತಾರೀಖು ಹಾಕಿಲ್ರಿ” ಎಂದು ಹೇಳಿ ತರಗತಿಗೆ ಹೋದ.