ಹಾಲಿಗೊಂದು ತಿಂಗಳು, ಈಜಿಗೊಂದು ತಿಂಗಳು

ಗೋವಾದ ದೂಧಸಾಗರ ಜಲಪಾತದ ಫೋಟೊ ನೋಡಿ ಹೊರಟವರಲ್ಲಿ ಅರ್ಧ ಜನ ನಿರಾಸೆಯಿಂದ ಮರಳುತ್ತಾರೆ. ತಪ್ಪು ಜಲಪಾತದ್ದಲ್ಲ, ತಿಂಗಳಿನದು. ನಾಲ್ಕು ಹಂತಗಳಲ್ಲಿ, 310 ಮೀಟರ್ ಎತ್ತರದಿಂದ ಬಂಡೆಯೇ ಕಾಣದಂತೆ ಸುರಿಯುವ ಆ ಹಾಲು ಜುಲೈ-ಆಗಸ್ಟ್‌ನದು. ಆಗ ಹತ್ತಿರದ ಊರಾದ ಕುಳೆಂನಿಂದ ಜಲಪಾತಕ್ಕೆ ಜೀಪು ಓಡುವುದಿಲ್ಲ, ಹೊಂಡಕ್ಕೆ ಇಳಿಯುವ ಮಾತೇ ಇಲ್ಲ. ಜೀಪು ಶುರುವಾಗುವುದು ಅಕ್ಟೋಬರ್‌ನಲ್ಲಿ. ಆಗಲೂ ನೀರಿನ ರಭಸ ಜೋರು. ನೋಡಲು ಚೆಂದ, ಈಜಲು ಅಲ್ಲ. ಏಪ್ರಿಲ್ ದಾಟಿದರೆ ಬಂಡೆಯ ಮೈಮೇಲೆ ನಾಲ್ಕು ಎಳೆ ನೀರು ಉಳಿದಿರುತ್ತದೆ, ಅಷ್ಟೆ. ಈಜಬೇಕೆಂದರೆ ನವೆಂಬರ್ ನಡುವಿನಿಂದ ಜನವರಿ ತನಕ. ದೀಪಾವಳಿ ರಜೆಗೆ ಬರುತ್ತೇವೆ ಎನ್ನುವ ಬಾಗಲಕೋಟೆ, ಗದಗ ಕಡೆಯ ನೆಂಟರಿಗೆ ವಾಸ್ಕೋದ ನಮ್ಮ ಜನ "ಈಗ ಬ್ಯಾಡ್ರಿ, ಎಳ್ಳ ಅಮಾಸಿ ಹೊತ್ತಿಗೆ ಬರ್ರಿ" ಎನ್ನುವುದು ಇದಕ್ಕೇ.

ಮಳೆಗಾಲದ ಹಾಲೇ ಬೇಕೆನ್ನುವವರು ರೈಲಿನ ಕಿಟಕಿಯಿಂದ ನೋಡಬೇಕು. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟಿಯಲ್ಲಿ ಪ್ರತಿ 37 ಅಡಿಗೆ ಒಂದಡಿ ಇಳಿಜಾರು, ಹಾಗಾಗಿ ಗಾಡಿ ನಿಧಾನ. ಹಳಿ ಜಲಪಾತದ ಎದುರಿನ ಸೇತುವೆ ಮೇಲೆಯೇ ಹಾದುಹೋಗುತ್ತದೆ. ಹಳಿಗುಂಟ ನಡೆದು ಹೋಗುವ ಹಳೆಯ ಚಾಳಿ ಮಾತ್ರ ಬಿಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಹೋಗಲಿ, ಸುರಂಗದ ನಡುವೆ ಗಾಡಿ ಎದುರಾದರೆ ಸರಿಯಲು ಜಾಗ ಸಿಗುವುದು ಕಷ್ಟ.

ವಾಸ್ಕೋ, ಮಡಗಾಂವದವರು ವಾಸ್ಕೋ-ಲೋಂಡಾ ಮಾರ್ಗದ ರೈಲಿನಲ್ಲೇ ಕುಳೆಂ ಮುಟ್ಟಬಹುದು. ರಸ್ತೆಯಲ್ಲಾದರೆ ಫೋಂಡಾ ದಾಟಿ ಮೊಲೆಂ, ಅಲ್ಲಿಂದ ಬಲಕ್ಕೆ ಸುಮಾರು ಐದು ಕಿಲೋಮೀಟರ್. ಬೆಳಗಾವಿ ಕಡೆಯವರು ಅನ್ಮೋಡ ಘಾಟಿ ಇಳಿದರೆ ಅದೇ ಮೊಲೆಂ. ಶನಿವಾರ, ಭಾನುವಾರ ತಡವಾಗಿ ಹೋದರೆ ಚೀಟಿ ಸಾಲಿನಲ್ಲೇ ಅರ್ಧ ದಿನ ಕಳೆಯುತ್ತದೆ. ಒಂದು ಜೀಪಿಗೆ ಏಳು ಜನ. ನೀವು ನಾಲ್ವರೇ ಇದ್ದರೆ ಮೂವರು ಸಿಗುವ ತನಕ ಕಾಯಬೇಕು, ಇಲ್ಲವೇ ಪೂರ್ತಿ ಜೀಪಿನ ದುಡ್ಡು ಕೊಡಬೇಕು. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಬೇರೆ, ಲೈಫ್ ಜಾಕೆಟ್ ಬಾಡಿಗೆ ಬೇರೆ, ಚಿಲ್ಲರೆ ಇಟ್ಟುಕೊಳ್ಳಿ. ಜೀಪಿನ ನಂಬರ್ ಪ್ಲೇಟನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಮರೆಯಬೇಡಿ. ವಾಪಸು ಬರಬೇಕಾದ್ದು ಅದೇ ಜೀಪಿನಲ್ಲಿ, ಮೇಲೆ ನಿಂತ ಗಾಡಿಗಳೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಒಂದೇ ಥರ ಕಾಣುತ್ತವೆ.

ಕಾಡಿನೊಳಗಿನ ದಾರಿ ಹತ್ತು-ಹನ್ನೆರಡು ಕಿಲೋಮೀಟರ್, ಮುಕ್ಕಾಲು ಗಂಟೆ. ಜೀಪು ಹಳ್ಳಕ್ಕೇ ಇಳಿದು ದಾಟುತ್ತದೆ. ಅಕ್ಟೋಬರ್‌ನಲ್ಲಿ ನೀರು ಒಳಗೆ ನುಗ್ಗಿ ಕಾಲ ಬಳಿ ಇಟ್ಟ ಬ್ಯಾಗು ತೋಯುವುದುಂಟು, ತೊಡೆಯ ಮೇಲಿರಲಿ. ಬೆನ್ನುನೋವು ಇದ್ದವರು ಹಿಂದಿನ ಸೀಟು ಬಿಟ್ಟು ಡ್ರೈವರ್ ಪಕ್ಕ ಕೂರಲಿ.

ಜೀಪು ಇಳಿದ ಮೇಲೆ ಬಂಡೆ, ಬೇರುಗಳ ಮೇಲೆ ಸ್ವಲ್ಪ ನಡಿಗೆ. ಬೀಳುವವರು ಹೆಚ್ಚು ಬೀಳುವುದು ಇಲ್ಲಿ. ಕಲ್ಲಿನ ಮೇಲೆ ಹಸಿರಾಗಿ, ಕಪ್ಪಾಗಿ ಹೊಳೆಯುವುದು ಪಾಚಿ. ಮಾಸಲಾಗಿ, ಒಣಗಿ ಕಾಣುವ ಕಲ್ಲಿನ ಮೇಲೆ ಕಾಲಿಡಿ. ಹವಾಯಿ ಚಪ್ಪಲಿ ಒದ್ದೆಯಾದೊಡನೆ ಪಾದದಡಿ ಜಾರುತ್ತದೆ. ತಳದಲ್ಲಿ ರಬ್ಬರ್ ಗೀರುಗಳಿರುವ ಕ್ಯಾನ್ವಾಸ್ ಬೂಟೇ ಒಳ್ಳೆಯದು, ಒಣಗುವುದೂ ಬೇಗ. ಸೀರೆ ಉಟ್ಟ ಅತ್ತೆಯವರಿದ್ದರೆ ನೆರಿಗೆ ಎತ್ತಿ ಕಟ್ಟಿಕೊಳ್ಳಲಿ, ಒಂದು ಕೋಲು ಕೈಯಲ್ಲಿರಲಿ.

ಈಜುವ ಹೊಂಡದಲ್ಲಿ ಲೈಫ್ ಜಾಕೆಟ್ ಕಡ್ಡಾಯ. ತೊಟ್ಟ ಮೇಲೆ ಇನ್ನೊಬ್ಬರಿಂದ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಅದು ಕಿವಿಯ ಮಟ್ಟಕ್ಕೆ ಬಂದರೆ ಸಡಿಲ ಎಂದೇ ಅರ್ಥ: ನೀರಿನಲ್ಲಿ ಜಾಕೆಟ್ ತೇಲುತ್ತದೆ, ನೀವು ಅದರೊಳಗಿಂದ ಜಾರುತ್ತೀರಿ. ಊರ ಬಾವಿಯಲ್ಲಿ ಈಜು ಕಲಿತವರಿಗೇ ಇಲ್ಲಿ ಧೈರ್ಯ ಜಾಸ್ತಿ. ಆದರೆ ಬಾವಿ ನೀರು ನಿಂತ ನೀರು. ಇಲ್ಲಿ ಧಾರೆ ಬಿದ್ದಲ್ಲಿ ನೀರು ಕೆಳಕ್ಕೆ ಗುದ್ದಿ, ಸುತ್ತ ಎದ್ದು, ಮತ್ತೆ ಧಾರೆಯ ಕಡೆಗೇ ತಿರುಗುತ್ತದೆ. ಮೇಲಿಂದ ನೊರೆ ಮಾತ್ರ ಕಾಣುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಕೈ ಬೀಸಿದರೂ ಹಿಡಿತ ಸಿಗುವುದಿಲ್ಲ. ಧಾರೆಯಿಂದ ದೂರವಿರಿ, ಬಂಡೆಯಿಂದ ಹಾರಬೇಡಿ. ತಿಳಿನೀರು ಇದ್ದಕ್ಕಿದ್ದಂತೆ ಕದಡಿತೋ, ಎಲೆ-ಕಡ್ಡಿ ತೇಲಿ ಬಂದವೋ, ಮೇಲೆ ಎಲ್ಲೋ ಮಳೆಯಾಗಿದೆ. ಆ ಕ್ಷಣವೇ ದಡ ಹತ್ತಿ. 2023ರ ಜುಲೈನಲ್ಲಿ ಗೋವಾದ ನೇತ್ರಾವಳಿ ಅಭಯಾರಣ್ಯದ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತ ಮೇಲೆ ಅಭಯಾರಣ್ಯಗಳ ಜಲಪಾತಗಳಿಗೆ ಅರಣ್ಯ ಇಲಾಖೆ ಪ್ರವೇಶವನ್ನೇ ನಿಲ್ಲಿಸಿತ್ತು.

ಸೋಪು, ಶಾಂಪೂ ಮನೆಯಲ್ಲೇ ಇರಲಿ. ಈ ಹೊಳೆಯೇ ಕೆಳಗೆ ಖಾಂಡೇಪಾರ ನದಿಯಾಗಿ, ಓಪಾದ ನೀರು ಶುದ್ಧೀಕರಣ ಘಟಕಕ್ಕೆ ಹೋಗಿ, ಫೋಂಡಾ-ಪಣಜಿಯ ನಲ್ಲಿಗಳಲ್ಲಿ ಬರುತ್ತದೆ. ಉಳಿದದ್ದು ಮಾಂಡವಿಗೆ, ಅಂದರೆ ನಮ್ಮ ಖಾನಾಪುರದಲ್ಲಿ ಹುಟ್ಟುವ ಅದೇ ಮಹದಾಯಿಗೆ.

ಬುತ್ತಿಯನ್ನು ಜಲಪಾತದ ಬಳಿ ಬಿಚ್ಚಬೇಡಿ. ಪ್ಲಾಸ್ಟಿಕ್ ಚೀಲದ ಸರಸರ ಸದ್ದು ಸಾಕು, ಮಂಗಗಳು ಬಂದೇಬಿಡುತ್ತವೆ. ಎಳ್ಳ ಅಮಾಸಿಗೆ ಹೊಲಕ್ಕೆ ಕಟ್ಟುವ ಬುತ್ತಿಯೇ ಇಲ್ಲಿಗೂ ಸರಿ: ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರನ್ನ. ಒಂದೇ ಎಚ್ಚರ, ಊರಿನ ಒಣ ಗಾಳಿ ಗೋವಾದಲ್ಲಿಲ್ಲ. ಗರಿಗರಿ ಕಟಕ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹಾಗೇ ಬಿಟ್ಟರೆ ಮಧ್ಯಾಹ್ನಕ್ಕೆ ಚರ್ಮದ ಹಾಗೆ ಜಗ್ಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಮೊಸರನ್ನಕ್ಕೆ ಆರು ಜನರಿಗೆ ಅರ್ಧ ಕಿಲೋ ಅಕ್ಕಿ, ಒಂದು ಲೀಟರ್ ಕಾಯಿಸಿ ಆರಿಸಿದ ಹಾಲು, ಎರಡೇ ಚಮಚ ಮೊಸರು. ಬೆಳಿಗ್ಗೆ ಕಲಸಿದರೆ ಉಣ್ಣುವ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟಿರುತ್ತದೆ. ಮೊಸರನ್ನೇ ತುಂಬ ಸುರಿದರೆ ಮಧ್ಯಾಹ್ನಕ್ಕೆ ಹುಳಿ.

ಉಣ್ಣಲು ತಾಂಬಡಿ ಸುರ್ಲಾ ಕಡೆ ಹೋಗಿ, ಮೊಲೆಂನಿಂದ ಹನ್ನೆರಡು ಕಿಲೋಮೀಟರ್ ಆಚೀಚೆ. ಕದಂಬರ ಕಾಲದ ಕರಿಕಲ್ಲಿನ ಮಹಾದೇವ ಗುಡಿ, ಪಕ್ಕದಲ್ಲೇ ತಿಳಿ ಹಳ್ಳ. ಗುಡಿಯ ಅಂಗಳ ಪುರಾತತ್ತ್ವ ಇಲಾಖೆಯದು, ಅಲ್ಲಿ ಬುತ್ತಿ ಬೇಡ. ಹೊರಗೆ ಮರದ ನೆರಳಿದೆ. ಉಂಡು ಕೈ ತೊಳೆದ ಮೇಲೆ ಒಳಗೆ ಹೋಗಿ ಕಂಬಗಳ ಬುಡ ನೋಡಿ. ಒಂದರಲ್ಲಿ ಆನೆ ಕುದುರೆಯನ್ನು ತುಳಿಯುತ್ತಿದೆ. ನಂದಿಗೆ ತಲೆ ಇಲ್ಲ. ಮಕ್ಕಳು ಯಾಕೆ ಅಂತ ಕೇಳಿಯೇ ಕೇಳುತ್ತಾರೆ.