ಜಡಿಮಳೆಯಲ್ಲಿ ಜಲವರ್ಣ: ಕೈ ತಪ್ಪೋ, ಹಾಳೆ ತಪ್ಪೋ?

ಗುರುವಿಲ್ಲದೆ, ಮನೆಗೆಲಸದ ಸಂದಿನಲ್ಲಿ ಚಿತ್ರ ಬರೆಯುವವರು ಬಣ್ಣ ಕೆಟ್ಟಾಗ ಮೊದಲು ದೂರುವುದು ತಮ್ಮ ಕೈಯನ್ನೇ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ಸಲ ತಪ್ಪು ಕೈಯದ್ದಲ್ಲ, ಗಾಳಿಯ ತೇವದ್ದು.

ಜಲವರ್ಣದ ಹಾಳೆಗೆ ತಯಾರಿಸುವಾಗಲೇ ಜೆಲಾಟಿನ್‌ನಂಥ ಅಂಟು ಕೊಟ್ಟಿರುತ್ತಾರೆ. ನೀರು ತಕ್ಷಣ ಇಂಗದೆ ಮೇಲೆ ನಿಲ್ಲುವುದು ಅದರಿಂದಲೇ. ತೇವ ಹಿಡಿದ ಬೀರುವಿನಲ್ಲಿಟ್ಟರೆ ಬೂಷ್ಟು ಈ ಅಂಟನ್ನು ತಿಂದುಬಿಡುತ್ತದೆ. ಹಾಳೆ ನೋಡಲು ಬೆಳ್ಳಗೇ ಇರುತ್ತದೆ. ಬಣ್ಣ ಹಚ್ಚಿದಾಗ ಮಾತ್ರ ಚುಕ್ಕೆ ಚುಕ್ಕೆಯಾಗಿ ಒಳಗಿಳಿದು ಗಾಢವಾಗುತ್ತದೆ. ಬರೆಯುವ ಮೊದಲು ಮೂಲೆಯಲ್ಲಿ ಒಂದು ಹನಿ ನೀರಿಟ್ಟು ನೋಡಿ. ಥಟ್ಟನೆ ಇಂಗಿ ಕಲೆಯಾದರೆ ಆ ಹಾಳೆ ಪೆನ್ಸಿಲ್ ಕೆಲಸಕ್ಕೇ ಸರಿ. ಮಳೆ ಹಿಡಿಯುವ ಮೊದಲೇ, ಬಿಸಿಲಿರುವ ದಿನ ಹಾಳೆಗಳನ್ನು ಗಾಳಿಗಿಟ್ಟು, ಜಿಪ್ ಕವರಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಬೇಕು. ಮಕ್ಕಳಿರುವ ಮನೆಗೆ ನೀಲಿ ಕಾಳಿನ ಜೆಲ್ ಬೇಡ, ಅದರಲ್ಲಿ ಸಾಮಾನ್ಯವಾಗಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಬಿಳಿಯದು ಸಾಕು. ಅಡುಗೆಮನೆಯ ಅಟ್ಟ ಬೆಚ್ಚಗಿದ್ದರೂ ಒಲೆಯ ನೇರಕ್ಕೆ ಇಡಬಾರದು. ಎಣ್ಣೆಜಿಡ್ಡು ಕೂತ ಕಡೆ ಬಣ್ಣ ಹಿಡಿಯುವುದಿಲ್ಲ. ಪಂದಿಕರಿ ಕಲಸಿದ ಕೈಯಲ್ಲಿ ಹಾಳೆ ಮುಟ್ಟಿದರೂ ಅದೇ ಗತಿ.

ಇಷ್ಟು ನೋಡಿಕೊಂಡರೆ ಈ ತೇವವೇ ದೊಡ್ಡ ಅನುಕೂಲ. ಮಂಜು ಬರೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಹಾಳೆಯನ್ನು ಎರಡೂ ಬದಿ ನೆನೆಸಿ ಅಕ್ರಿಲಿಕ್ ಹಲಗೆಯ ಮೇಲೆ ಹಾಸಿ. ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಬೆಟ್ಟದ ಬೂದುಬಣ್ಣ ಸಿಗುತ್ತದೆ. ಅದನ್ನು ಹಸಿ ಹಾಳೆಗೆ ಹಚ್ಚಿ, ಈಗ ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡುತ್ತಿರಬೇಕು. ನೀರು ಕನ್ನಡಿಯಂತೆ ಹೊಳೆಯುವಾಗ ಮರ ಬರೆದರೆ ಕರಗಿಹೋಗುತ್ತದೆ. ಹೊಳಪು ಮಾಸಿ ತೇವ ಮಾತ್ರ ಉಳಿದಾಗ, ಹಿಂಡಿದ ಬ್ರಷ್‌ನಲ್ಲಿ ಗಟ್ಟಿ ಬಣ್ಣ ತೆಗೆದು ತೋಟದ ಸಿಲ್ವರ್ ಓಕ್ ಮರಗಳನ್ನು ಇಡಬೇಕು. ಅಂಚು ಮಾತ್ರ ಮೆತ್ತಗಾಗುತ್ತದೆ. ಬ್ರಷ್‌ನಲ್ಲಿ ಹಾಳೆಗಿಂತ ಹೆಚ್ಚು ನೀರಿದ್ದರೆ ಅದು ಹಳೆಯ ಬಣ್ಣವನ್ನು ಆಚೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಅದನ್ನು ತಿದ್ದಲು ಹೋಗಬೇಡಿ, ಒಣಗಲು ಬಿಡಿ.

ಒಣಗುವ ಹೊತ್ತೇ ಮನೆಗೆಲಸದ ಹೊತ್ತು. ಹೊಳಪು ಮಾಸುವ ತನಕ ಎದ್ದು ಹೋಗುವಂತಿಲ್ಲ. ಆದ್ದರಿಂದ ನೆನೆಸುವ ಕೆಲಸವನ್ನು ಮಕ್ಕಳು ಶಾಲೆಗೆ ಹೋದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಪದರ ಮಾತ್ರ ಸಂಜೆಗೋ ನಾಳೆಗೋ ಕಾಯುತ್ತದೆ. ಹಾಳೆಯ ಹಿಂಬದಿಗೆ ಕೈ ಇಟ್ಟಾಗ ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ. ಕರೆಂಟಿದ್ದರೆ ಹೇರ್ ಡ್ರೈಯರ್ ಬಳಸಬಹುದು, ಆದರೆ ಹೊಳಪು ಹೋದ ಮೇಲೆಯೇ. ಹಾಳೆಯ ಗಾತ್ರ 28×38 ಸೆಂಟಿಮೀಟರ್ ಇದ್ದರೆ ಊಟದ ಹೊತ್ತಿಗೆ ಹಲಗೆ ಸಮೇತ ಎತ್ತಿಟ್ಟು ಮೇಜು ಬಿಡಬಹುದು. ಬಣ್ಣದ ನೀರಿಗೆ ಅಡುಗೆಯ ಲೋಟ ಖಂಡಿತ ಬೇಡ.

ಬಣ್ಣದ ಡಬ್ಬಿಯನ್ನು ಹಸಿಯಾಗಿ ಮುಚ್ಚಿದರೆ ಬಣ್ಣದಲ್ಲಿರುವ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ತೆರೆದಿಟ್ಟು ಒಣಗಿಸಿ, ಬಂದಿದ್ದರೆ ಮೇಲ್ಪದರ ಒರೆಸಿ ತೆಗೆಯಿರಿ. ಬ್ರಷ್ ಅನ್ನು ಕೂದಲು ಮೇಲಾಗಿ ನಿಲ್ಲಿಸಿದರೆ ನೀರು ಲೋಹದ ಕೊಳವೆಗಿಳಿದು ಕೂದಲು ಹಿಡಿದ ಅಂಟು ಸಡಿಲವಾಗುತ್ತದೆ, ಮಲಗಿಸಿಯೇ ಒಣಗಿಸಬೇಕು.

ಹೂಮಳೆಯ (ಬೇಸಿಗೆಯ ಮೊದಲ ಮಳೆಯ) ನಂತರ ಅರಳುವ ಕಾಫಿ ಹೂವನ್ನು ಬರೆಯುವಾಗ ಬಿಳಿ ಉಳಿಸಲು ಮಾಸ್ಕಿಂಗ್ ಫ್ಲೂಯಿಡ್ ಎಂಬ ರಬ್ಬರ್ ದ್ರವ ಹಚ್ಚುವವರು ಹಾಳೆ ಪೂರ್ತಿ ಒಣಗಿದ ಮೇಲೆ ಹಚ್ಚಿ, ಅದೇ ದಿನ ಕೀಳಬೇಕು. ಹಾಳೆಯಲ್ಲಿ ತೇವ ಉಳಿದಿದ್ದರೆ ರಬ್ಬರಿನ ಜೊತೆ ಹಾಳೆಯ ಮೇಲ್ಮೈಯೂ ಕಿತ್ತು ಬರುತ್ತದೆ.