ಶತಪಥ ಬ್ರಾಹ್ಮಣಕ್ಕೆ ಮೊದಲು ಸೀಮೆಸುಣ್ಣ

ಎಂ.ಎ. ಸಂಸ್ಕೃತ ತರಗತಿಯಲ್ಲಿ ನಾನು ಬ್ರಾಹ್ಮಣ ಗ್ರಂಥಗಳನ್ನು, ಅಂದರೆ ಯಜ್ಞದ ವಿಧಿಗಳನ್ನೂ ಅವುಗಳ ಕಾರಣಗಳನ್ನೂ ಹೇಳುವ ವೇದಭಾಗಗಳನ್ನು, ಪಾಠ ಮಾಡುತ್ತೇನೆ. ಉಪನಿಷತ್ತು ಎಂದರೆ ಕಿವಿ ನಿಮಿರಿಸುವ ವಿದ್ಯಾರ್ಥಿಗಳು ಬ್ರಾಹ್ಮಣ ಎಂದಕೂಡಲೇ ಒಣ ಕರ್ಮಕಾಂಡ ಎಂದು ಮುಖ ಸಪ್ಪಗೆ ಮಾಡುತ್ತಾರೆ. ಬೃಹದಾರಣ್ಯಕ ಉಪನಿಷತ್ತು ಇರುವುದು ಇಂಥದ್ದೇ ಒಂದು ಬ್ರಾಹ್ಮಣವಾದ ಶತಪಥದ ಕೊನೆಯ ಕಾಂಡದಲ್ಲಿ ಎಂದರೂ ಹೆಚ್ಚೇನೂ ಬದಲಾಗುವುದಿಲ್ಲ.

ಹಾಗಾಗಿ ಮೊದಲ ದಿನ ಪುಸ್ತಕ ತೆರೆಸುವುದಿಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಸೀಮೆಸುಣ್ಣದಿಂದ ಯಜ್ಞಶಾಲೆಯನ್ನೂ ಅದರ ಮೂರು ಅಗ್ನಿಗಳ ಜಾಗಗಳನ್ನೂ ಬರೆಯುತ್ತೇನೆ: ಪಶ್ಚಿಮಕ್ಕೆ ದುಂಡಗಿನ ಗಾರ್ಹಪತ್ಯ, ಪೂರ್ವಕ್ಕೆ ಚೌಕದ ಆಹವನೀಯ, ದಕ್ಷಿಣಕ್ಕೆ ಅರ್ಧಚಂದ್ರಾಕಾರದ ದಕ್ಷಿಣಾಗ್ನಿ, ನಡುವೆ ಸೊಂಟ ಸಣ್ಣಗಿರುವ ವೇದಿ. ಈ ಗ್ರಂಥಗಳನ್ನು ಹೇಳಿದವರೂ ಕೇಳಿದವರೂ ಯಜ್ಞವನ್ನು ಕಣ್ಣಾರೆ ಕಂಡವರು. ಅವರಿಗೆ ಯಾವುದು ಎಲ್ಲಿದೆ ಎಂದು ಹೇಳಬೇಕಾಗಿರಲಿಲ್ಲ, ಏಕೆ ಎಂದಷ್ಟೇ ಹೇಳಬೇಕಿತ್ತು. 14ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ಸಾಯಣಾಚಾರ್ಯರೂ ತಮ್ಮ ವೇದಭಾಷ್ಯಗಳಲ್ಲಿ, ಯಜ್ಞದ ಕ್ರಮವನ್ನು ಹೇಳುವ ಸೂತ್ರಗ್ರಂಥಗಳ ನೆರವು ಪಡೆಯುತ್ತಾರೆ.

ಆಮೇಲೆ ಒಬ್ಬ ವಿದ್ಯಾರ್ಥಿಯನ್ನು ಗಾರ್ಹಪತ್ಯ ಮತ್ತು ಆಹವನೀಯಗಳ ನಡುವೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಮುಂದೆ ನೀರಿಟ್ಟು, ಮುಟ್ಟು ಎನ್ನುತ್ತೇನೆ. ಶತಪಥ ಆರಂಭವಾಗುವುದೇ ಹೀಗೆ. ವ್ರತ ಹಿಡಿಯುವವನು ನೀರನ್ನು ಏಕೆ ಮುಟ್ಟಬೇಕು? ಮನುಷ್ಯ ಸುಳ್ಳಾಡುತ್ತಾನೆ, ಅದರಿಂದ ಅವನು ಯಜ್ಞಕ್ಕೆ ತಕ್ಕವನಲ್ಲ, ನೀರು ಶುದ್ಧ. ಮಂತ್ರವಿಲ್ಲ, ಪೀಠಿಕೆಯಿಲ್ಲ, ಮೊದಲ ಮಾತೇ ಇದು. ಕೈ ಒದ್ದೆಯಾಗಿರುವಾಗಲೇ ಇದನ್ನು ಕೇಳಿದ ಹುಡುಗರು ಮುಂದಿನ ಸಾಲಿಗೆ ತಾವಾಗಿಯೇ ಹೋಗುತ್ತಾರೆ.

ಅಲ್ಲಿಂದ ಕೆಲವೇ ಸಾಲುಗಳಲ್ಲಿ ಜಗಳ ಶುರು. ನಾಳೆ ಯಾಗ, ಇಂದು ರಾತ್ರಿ ಉಣ್ಣಬಹುದೇ? ಮನೆಗೆ ದೇವತೆಗಳು ಬಂದಿದ್ದಾರೆ, ಅತಿಥಿ ಉಣ್ಣುವ ಮೊದಲು ಉಣ್ಣುವುದುಂಟೇ, ಉಪವಾಸವೇ ವ್ರತ ಎನ್ನುತ್ತಾನೆ ಆಷಾಢ ಸಾವಯಸ. ಪೂರ್ತಿ ಉಪವಾಸವಿದ್ದರೆ ಅದು ಪಿತೃಕಾರ್ಯದಂತಾಗುತ್ತದೆ, ಆದ್ದರಿಂದ ತಿಂದರೂ ತಿನ್ನದಂತಿರುವುದನ್ನು, ಅಂದರೆ ಅಗ್ನಿಗೆ ಅರ್ಪಿಸುವ ಹವಿಸ್ಸಿಗೆ ಬಳಸದ ಕಾಡಿನ ಬೆಳೆಯನ್ನು ತಿನ್ನಬೇಕು ಎಂಬುದು ಯಾಜ್ಞವಲ್ಕ್ಯನ ಮತ. ಅಷ್ಟರಲ್ಲಿ ಬರ್ಕು ವಾರ್ಷ್ಣ ಎಂಬಾತ, ‘ನನಗೆ ಉದ್ದು ಬೇಯಿಸಿ, ಅದರ ಹವಿಸ್ಸನ್ನು ಯಾರೂ ಕೊಡುವುದಿಲ್ಲ’ ಎನ್ನುತ್ತಾನೆ! ಇಡೀ ತರಗತಿ ನಗುತ್ತದೆ. ಗ್ರಂಥ ನಗುವುದಿಲ್ಲ, ಉದ್ದಿನಂಥ ಕಾಳು ಹವಿಸ್ಸಿನ ಅಕ್ಕಿ ಮತ್ತು ಜವೆಯ ಜೊತೆಗೂಡಿ ಅವನ್ನು ಹೆಚ್ಚಿಸುವಂಥದ್ದು, ಆದ್ದರಿಂದ ಬೇಡ ಎಂದು ಕಾರಣ ಕೊಟ್ಟು ತಳ್ಳಿಹಾಕುತ್ತದೆ. ಒಪ್ಪದ ಮತವನ್ನೂ ಹೆಸರು ಹೇಳಿ ಉಳಿಸಿಕೊಂಡಿರುವುದು ನನಗೆ ಬಹಳ ಇಷ್ಟ.

ಸಾಂಕೇತಿಕತೆಯ ಮಾತು ಇಷ್ಟಾದ ಮೇಲೆ. ಮನಸ್ಸು ದೊಡ್ಡದೋ ಮಾತು ದೊಡ್ಡದೋ ಎಂಬ ವಾದದಲ್ಲಿ ಪ್ರಜಾಪತಿ ಮನಸ್ಸಿನ ಪರ ತೀರ್ಪು ಕೊಟ್ಟ. ಮುನಿದ ಮಾತು ನಿನ್ನ ಹವಿಸ್ಸನ್ನು ಹೊರುವುದಿಲ್ಲ ಎಂದಿತು. ಹಾಗಾಗಿ ಪ್ರಜಾಪತಿಯ ಕರ್ಮವೆಲ್ಲ ಮೆಲುದನಿಯಲ್ಲಿ. ಈ ಕಥೆಯನ್ನು ಕಥೆಯಾಗಿ ಹೇಳಿದರೆ ಚೆಂದ, ಅಷ್ಟೇ. ಉಳಿದ ಆಹುತಿಗಳನ್ನು ಗಟ್ಟಿ ದನಿಯಲ್ಲಿ ಹೇಳಿಸಿ ಇದೊಂದಕ್ಕೆ ದನಿ ತಗ್ಗಿಸಿದಾಗ, ‘ಏಕೆ ಸರ್?’ ಎಂಬ ಪ್ರಶ್ನೆ ಮೊದಲು ಅವರಿಂದಲೇ ಬರುತ್ತದೆ.

ಪ್ರಶ್ನೆಪತ್ರಿಕೆಯನ್ನೂ ಬದಲಿಸಿದ್ದೇನೆ. ‘ಯಜ್ಞದ ಸಾಂಕೇತಿಕತೆಯನ್ನು ವಿವರಿಸಿ’ ಎಂದು ಕೇಳಿದರೆ ಗೈಡಿನ ಸಾಲುಗಳೇ ಬರುತ್ತವೆ. ಈಗ ಕೇಳುವುದು: ಈ ವಾಕ್ಯ ನಡೆಯುವಾಗ ಯಜಮಾನ, ಅಂದರೆ ಯಜ್ಞ ಮಾಡಿಸುವವನು, ಎಲ್ಲಿ ನಿಂತಿದ್ದಾನೆ, ಯಾವ ಕಡೆ ನೋಡುತ್ತಿದ್ದಾನೆ? ನಕ್ಷೆ ಬರೆಯಿರಿ.